ಮುತ್ತಿನಂಥ ಬಿಳುಪು

ನಾನು ಒಂದು ಟೂತ್‌ಪೇಸ್ಟಿನ ಟ್ಯೂಬು. ಕಾರ್ಖಾನೆಯಲ್ಲಿ ನನ್ನನ್ನು ಬಾಲದ ಕಡೆಯಿಂದ ತುಂಬಿ, ಬಿಸಿ ಒತ್ತಿ ಮುಚ್ಚಿದರು. ಮೈಮೇಲೆ ‘ಮುತ್ತಿನಂಥ ಬಿಳುಪು’ ಎಂದು ಅಚ್ಚು ಹಾಕಿದ್ದರು. ಅದನ್ನು ನಾನೂ ನಂಬಿದ್ದೆ.

ಗದಗಿನ ಕಡೆಯ ಒಂದು ಹಳ್ಳಿಯ ಕಿರಾಣಿ ಅಂಗಡಿಯಲ್ಲಿ ನನ್ನ ಪಕ್ಕ ಇನ್ನೊಂದು ಟ್ಯೂಬು ಕೂತಿತ್ತು. ಅದರ ಮೇಲೆ ‘ಹಲ್ಲಿಗೆ ರಕ್ಷಣೆ’ ಎಂದಷ್ಟೇ ಇತ್ತು. ಒಂದು ಸಂಜೆ ಶಿವಲೀಲಾ ಬಂದಳು. ಓಢಣಿಯ ತುದಿಯನ್ನು ಬಾಯಿಗೆ ಅಡ್ಡ ಹಿಡಿದೇ ಮಾತಾಡಿದಳು.

“ಬೆಳ್ಳಗ ಮಾಡೂದು ಬೇಕೋ, ಗಟ್ಟಿ ಇಡೂದು ಬೇಕೋ?” ಅಂಗಡಿಯವನು ಕೇಳಿದ.

“ಬೆಳ್ಳಗ ಮಾಡೂದನ್ನ ಕೊಡ್ರಿ ಕಾಕಾ.”

ಆ ಊರಿನ ಬೋರಿನ ನೀರು ಕುಡಿದು ಬೆಳೆದವರ ಹಲ್ಲಿನಲ್ಲಿ ಕಂದು ಕಲೆ. ಅವಳ ಮದುವೆ ನಿಶ್ಚಯವಾಗಿತ್ತು. ಹೆಣ್ಣು ನೋಡಲು ಬಂದ ದಿನ ಅವಳು ತುಟಿ ಬಿಚ್ಚಿರಲಿಲ್ಲ. ಹುಡುಗನೂ ಕೇಳಿದ್ದಕ್ಕೆಲ್ಲ ತಲೆಯಾಡಿಸಿದ್ದ. ಗಂಭೀರ ಮನುಷ್ಯ ಎಂದು ಮನೆಯವರು ಮೆಚ್ಚಿದ್ದರು. ಅವನದು ಹೊಳೆದಂಡೆಯ ಊರು, ಸಿಹಿನೀರು. ತನ್ನ ಹಲ್ಲು ಕಂಡರೆ ಅವನು ಏನೆಂದುಕೊಳ್ಳುತ್ತಾನೋ ಎಂಬ ಅಳುಕು ಅವಳಿಗೆ.

ದಿನಾ ಎರಡು ಹೊತ್ತು ತಿಕ್ಕಿದಳು. ವಸಡಿನಲ್ಲಿ ರಕ್ತ ಬಂತು. ತಣ್ಣೀರು ತಾಗಿದರೆ ಹಲ್ಲು ಜುಮ್ಮೆಂದವು. ಕಲೆ ಕದಲಲಿಲ್ಲ.

“ನೀರು ಕೊಟ್ಟ ಬಣ್ಣ ಅದವಾ. ಪಾತ್ರಿ ತಿಕ್ಕಿಧಂಗ ತಿಕ್ಕಿದ್ರ ಹಲ್ಲು ಸವೀತಾವ, ಬಣ್ಣ ಹೋಗೂದಿಲ್ಲ,” ಎಂದಳು ಅಜ್ಜಿ.

ನನಗೆ ಮೈಮೇಲಿನ ಅಕ್ಷರಗಳು ಭಾರವಾದವು.

ಮದುವೆಯಾಯಿತು. ಫೋಟೋಗಳಲ್ಲೆಲ್ಲ ಇಬ್ಬರ ಬಾಯಿಯೂ ಬಿಗಿ. ಮರುದಿನ ಬೆಳಿಗ್ಗೆ ಗಂಡನ ಮನೆಯ ಬಚ್ಚಲಿನ ಗೂಡಿನಲ್ಲಿ ನನ್ನನ್ನು ಇಡಲು ಹೋದವಳು ಹಾಗೇ ನಿಂತಳು. ಅಲ್ಲಿ ನನ್ನಂಥದೇ ಟ್ಯೂಬು, ಕೊನೆಯವರೆಗೂ ಹಿಂಡಿಸಿಕೊಂಡು ಮುದುಡಿ ಮಲಗಿತ್ತು. ಗಂಡ ಮಹಾಂತೇಶ ಬಾಗಿಲಲ್ಲಿದ್ದ.

“ನೀವೂ ಇದನ್ನ ಹಚ್ಚತೀರೇನ್ರಿ?”

“ನಾ ಬೆಳದಿದ್ದು ಸೋದರಮಾವನ ಊರಾಗ. ಅಲ್ಲೂ ಬೋರಿನ ನೀರು.” ಅವನು ತುಟಿ ಬಿಚ್ಚಿ ತೋರಿಸಿದ. “ನೋಡಿದ್ರ ಒಲ್ಲೆ ಅಂತೀಯೇನೋ ಅಂತ ಅವತ್ತು ಬಾಯಿ ಬಿಡಲಿಲ್ಲ.”

“ನಮ್ಮನ್ಯಾಗ ನಿಮ್ಮನ್ನ ಭಾಳ ಗಂಭೀರ ಅಂದ್ರು.”

“ನಿನಗೂ ನಮ್ಮವ್ವ ಹಂಗ ಅಂದ್ಲು.”

ಅವಳು ನಕ್ಕಳು. ಕೈ ಬಾಯಿಗೆ ಹೋಗಲಿಲ್ಲ.

ಮುಂದಿನ ಸಂತೆಯಲ್ಲಿ ರಕ್ಷಣೆಯ ಟ್ಯೂಬು ಬಂತು. ಗೂಡು ಈಗ ಅದರದು. ನನ್ನ ಹೊಟ್ಟೆಯನ್ನು ಕತ್ತರಿಯಿಂದ ಸೀಳಿ, ಉಳಿದದ್ದನ್ನು ಹಳೆಯ ಬ್ರಷ್ಷಿನಿಂದ ಬಳಿದು, ಅವಳು ಕಪ್ಪಾದ ಕಾಲ್ಗೆಜ್ಜೆ ತಿಕ್ಕಿದಳು. ಬೆಳ್ಳಿ ಬೆಳಗಿತು. ನನ್ನ ಮೈಮೇಲಿನ ಮಾತು ಕೊನೆಗೆ ಗೆಜ್ಜೆಯ ಪಾಲಿಗೆ ನಿಜವಾಯಿತು.

ಬಚ್ಚಲ ಕಟ್ಟೆಯ ಮೇಲೆ ಬರಿದಾಗಿ ಮಲಗಿ ನೋಡುತ್ತಿದ್ದೇನೆ. ಗೆಜ್ಜೆಯನ್ನು ಬಿಸಿಲಿಗೆ ಹಿಡಿದು ಅವಳು ಗಂಡನನ್ನು ಕರೆಯುತ್ತಾಳೆ. ನಗುವಾಗ ಅವಳ ಕಂದು ಹಲ್ಲುಗಳೆಲ್ಲ ಕಾಣುತ್ತವೆ.