ಕರಿಮೂತಿಯ ಚೊಚ್ಚಲ ಮರಿ

ಆಲೂರಿನ ಕಡೆಯ ಆ ಊರಿನಲ್ಲಿ ಈರಮ್ಮನ ಕುರಿಗಳೆಂದರೆ ಒಂದು ಹೆಸರಿತ್ತು. ಮನೆಯ ಹಿಂದೆ ತುಂಡು ಕಾಫಿ ತೋಟ, ಕೆಳಗೆ ಗದ್ದೆ, ನಡುವೆ ಕುರಿಯ ಕೊಟ್ಟಿಗೆ. ತೋಟ, ಗದ್ದೆ ಮಗ ಯೋಗೇಶನ ಪಾಲಿಗಿರಲಿ, ಕುರಿ ಮಾತ್ರ ತನ್ನವು ಎಂದು ಈರಮ್ಮ ಮೊದಲೇ ಹೇಳಿಬಿಟ್ಟಿದ್ದಳು. ಕುರಿ ಈಯುವಾಗ ಮಗನನ್ನೂ ಹತ್ತಿರ ಬಿಟ್ಟುಕೊಂಡವಳಲ್ಲ. ಅಂಥವಳು ಕಾಫಿ ಕಣದಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಕೈಗೆ ಪಟ್ಟಿ ಹಾಕಿಸಿಕೊಂಡು ಬಂದ ವಾರದೊಳಗೇ ಕರಿಮೂತಿ ಎಂಬ ಕುರಿಗೆ ನೋವು ಶುರುವಾಯಿತು.

ಯೋಗೇಶ ಪಿಕಪ್‌ನಲ್ಲಿ ಶುಂಠಿ ಹೇರಿಕೊಂಡು ಸಕಲೇಶಪುರಕ್ಕೆ ಹೋಗಿದ್ದ. ಮನೆಯಲ್ಲಿದ್ದವಳು ಸೊಸೆ ಸುಚಿತ್ರಾ ಒಬ್ಬಳೇ. ಹೆತ್ತೂರಿನ ಎಸ್ಟೇಟ್ ಲೈನಿನ ಕೂಲಿಮನೆಯಲ್ಲಿ ಬೆಳೆದವಳು. ಮದುವೆಯಾಗಿ ಬರುವ ತನಕ ಕುರಿಯನ್ನು ರಸ್ತೆಗೆ ಅಡ್ಡ ಬಂದಾಗ ನೋಡಿದ್ದಳೇ ಹೊರತು ಮುಟ್ಟಿದವಳಲ್ಲ.

"ಸುಚಿತ್ರಾ, ಬಿರ್ನೆ ಬಾರೇ! ಮರಿ ಬಿದ್ದೈತೆ, ಉಸುರೇ ಇಲ್ಲ!"

ಕೊಟ್ಟಿಗೆಯಿಂದ ಅತ್ತೆಯ ಕೂಗು ಕೇಳಿ ಸುಚಿತ್ರಾ ಓಡಿ ಬಂದಳು. ಲೋಳೆ ಮೆತ್ತಿಕೊಂಡ ಮರಿ ಹುಲ್ಲಿನ ಮೇಲೆ ಒದ್ದೆ ಬಟ್ಟೆಯಂತೆ ಬಿದ್ದಿತ್ತು.

"ಮೂಗು, ಬಾಯಿ ಒರ್ಸು. ಹಿಂಗಾಲು ಹಿಡ್ಕಂಡು ತಲೆಕೆಳಗೆ ಮಾಡು. ಹೆದ್ರಬ್ಯಾಡ ಕಣೇ, ಗಟ್ಟಿಯಾಗಿ ಹಿಡ್ಕೋ!"

ಸೊಸೆ ಮಂಡಿಯೂರಿ ಕುಳಿತಳು. ಸೆರಗಿನಲ್ಲೇ ಮೂಗು ಒರೆಸಿದಳು, ಎತ್ತಿ ಹಿಡಿದಳು, ಎದೆಯ ಮಗ್ಗುಲನ್ನು ತಿಕ್ಕಿದಳು. ಮರಿ ಒಮ್ಮೆ ಸೀನಿತು. ಆಮೇಲೆ ಸಣ್ಣಗೆ, ಎಲ್ಲೋ ದೂರದಿಂದ ಬಂದಂತೆ, ಮೇ ಎಂದಿತು.

ಕರಿಮೂತಿಗೆ ಇದೇನೂ ಬೇಕಿರಲಿಲ್ಲ. ಮರಿಯನ್ನು ಹತ್ತಿರ ತಂದರೆ ಹಣೆಯಿಂದ ಗುದ್ದಿ ದೂರ ತಳ್ಳಿತು. ಸುಚಿತ್ರಾ ತಾಯಿಕುರಿಯನ್ನು ಮೂಲೆಗೆ ಒತ್ತಿ ಹಿಡಿದು, ಅತ್ತೆ ಹೇಳಿಕೊಟ್ಟಂತೆ ಲೋಟಕ್ಕೆ ಗಿಣ್ಣುಹಾಲು ಕರೆದುಕೊಂಡಳು. ಮರಿಯ ಬಾಯಿಗೆ ಬೆರಳಿಟ್ಟರೆ ಚೀಪುವುದೇ ಇಲ್ಲ.

"ಗೊಟ್ಟ ತತ್ತಾ, ಗಂಟಲಿಗೆ ಸುರಿಯಾನ" ಎಂದಳು ಈರಮ್ಮ. ದನಕ್ಕೆ ಔಷಧಿ ಕುಡಿಸುವ ಆ ಬಿದಿರಿನ ಕೊಳವೆ ಅಲ್ಲೇ ಸೂರಿಗೆ ಸಿಕ್ಕಿಸಿತ್ತು.

ಸುಚಿತ್ರಾ ಕೈ ಚಾಚಲಿಲ್ಲ. "ಬ್ಯಾಡ ಅತ್ತೆ. ಬಾಯೊಳಗೆಲ್ಲ ತಣ್ಣಗೈತೆ. ನುಂಗಕ್ಕೇ ತ್ರಾಣ ಇಲ್ಲ. ಹಾಲು ಉಸುರಿಗೆ ಹೋಗ್ಬುಟ್ರೆ? ಮೊದ್ಲು ಮೈ ಬೆಚ್ಚಗಾಗ್ಲಿ."

ಮದುವೆಯಾಗಿ ಬಂದಾಗಿನಿಂದ ಸೊಸೆ ಬೇಡ ಎಂದದ್ದು ಅದೇ ಮೊದಲು. ಅದೂ ಕುರಿಯ ವಿಷಯದಲ್ಲಿ! ಈರಮ್ಮನಿಗೆ ರೇಗಿತು. "ನನ್ಗೇ ಹೇಳಿಕೊಡ್ತಾಳೆ" ಎಂದು ಗೊಣಗಿದಳು. ಕೈ ನೆಟ್ಟಗಿದ್ದಿದ್ದರೆ ಮರಿಯನ್ನು ಕಸಿದುಕೊಳ್ಳುತ್ತಿದ್ದಳೋ ಏನೋ. ಅಷ್ಟರಲ್ಲಿ ಸುಚಿತ್ರಾ ಮರಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಚ್ಚಲ ಒಲೆಯ ಮುಂದೆ ಕುಳಿತಾಗಿತ್ತು. ಈರಮ್ಮ ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತಳು.

ಸೊಸೆ ಮರಿಯ ಮೈ ತಿಕ್ಕುತ್ತಲೇ ಇದ್ದಳು. ಆಗಾಗ ಅದರ ಬಾಯಿಗೆ ಬೆರಳಿಟ್ಟು ನೋಡುವಳು, ತಲೆಯಾಡಿಸುವಳು, ಮತ್ತೆ ತಿಕ್ಕುವಳು. ಹಂಡೆಯ ನೀರು ಕಾದು ಸದ್ದು ಮಾಡತೊಡಗಿತು. ಒಲೆಯ ಕೆಂಡ ಬೂದಿಗಟ್ಟಿತು. ಕೊನೆಗೊಮ್ಮೆ ಸುಚಿತ್ರಾ ತಲೆಯೆತ್ತಿ, "ಅತ್ತೆ, ಚೀಪ್ತಾ ಐತೆ!" ಎಂದಳು. ಅವಳ ಕಣ್ಣು ತುಂಬಿಬಂದಿತ್ತು. ಅದು ಹೊಗೆಗಲ್ಲವೆಂದು ಈರಮ್ಮನಿಗೆ ಗೊತ್ತಾಯಿತು.

"ಹಂಗಾದ್ರೆ ತಡ ಯಾಕೆ? ಒಂಚೂರು ಬೆಲ್ಲದ ನೀರು ತಗಂಡು ಬಾ. ಮರಿ ಬೆನ್ನಿಗೆ ಸವ್ರು. ನೆಕ್ಕೋ ಆಸೆಗಾದ್ರೂ ತಾಯಿ ಸೇರಿಸ್ಕಂತೈತೆ."

ಕೊಟ್ಟಿಗೆಗೆ ತಂದ ಮರಿಯನ್ನು ಕರಿಮೂತಿ ಮೂಸಿತು, ನೆಕ್ಕಿತು, ಇನ್ನೊಮ್ಮೆ ನೆಕ್ಕಿತು. ಮರಿ ತಡಕಾಡುತ್ತ ಕೆಚ್ಚಲಿಗೆ ಬಾಯಿ ಹಾಕಿದಾಗ ಈ ಸಲ ಅದು ಗುದ್ದಲಿಲ್ಲ.

ಸಂಜೆ ಪಕ್ಕದ ಮನೆಯ ಮೀನಾಕ್ಷಮ್ಮ ಬಂದವಳು, "ಮುರಿದ ಕೈಯಲ್ಲೇ ಉಳಿಸ್ಕಂಡೆ ಬುಡು ಈರಕ್ಕ. ನಿನ್ ಕೈಗುಣ ಅಂದ್ರೆ ಸುಮ್ನೇನಾ?" ಎಂದಳು.

"ನಂದೇನೂ ಇಲ್ಲ ಮಾರಾಯ್ತಿ" ಎಂದು ಈರಮ್ಮ ದನಿ ಎತ್ತಿದಳು, ಒಳಗಿನವರಿಗೂ ಕೇಳಲಿ ಎಂಬಂತೆ. "ನಾನು ಗೊಟ್ಟ ತತ್ತಾ ಅಂದೆ. ಕೂಡ್ದು ಅಂದ್ಲು ನಮ್ ಸುಚಿತ್ರಾ. ಅವಳು ನನ್ ಮಾತು ಕೇಳಿದ್ರೆ ಮರಿ ಹೋಗ್ಬುಡ್ತಿತ್ತು."

ಮೀನಾಕ್ಷಮ್ಮ ಬಾಯಿಬಿಟ್ಟುಕೊಂಡು ನೋಡಿದಳು. ಈರಮ್ಮನ ಬಾಯಲ್ಲಿ ಇಂಥ ಮಾತನ್ನು ಅವಳು ಎಂದೂ ಕೇಳಿರಲಿಲ್ಲ.

"ಹಂಗೇನ್ ನೋಡ್ತೀಯ? ಕೊಟ್ಟಿಗೆಗೆ ಬಾ, ಮರಿ ಹೊಟ್ಟೆ ಹೆಂಗೆ ಗುಂಡಗಾಗೈತೆ ತೋರಿಸ್ತೀನಿ. ಸುಚಿತ್ರಾ, ಬಾರವ್ವ, ನೀನೇ ಎತ್ತಿ ತೋರ್ಸು!"