ಫ್ಲೆಕ್ಸಿನಲ್ಲಿ ನನ್ನ ಮುಖ

ನಾವು ಚಿಕ್ಕವರಿದ್ದಾಗ ಭಾನುವಾರ ಮಧ್ಯಾಹ್ನ ಟಿವಿಯಲ್ಲಿ ಕೌಬಾಯ್ ಧಾರಾವಾಹಿ ಬರುತ್ತಿತ್ತು. ದೊಡ್ಡ ಟೋಪಿ, ಸೊಂಟಕ್ಕೆ ಪಿಸ್ತೂಲು, ಕುದುರೆ, ಧೂಳು. ಒಂದು ಕಂತಿನಲ್ಲಿ ಅವಳಿ ಅಣ್ಣತಮ್ಮ ಬಂದರು. ತಮ್ಮ ಮಾಡಿದ ಕೊಲೆಗೆ ಒಳ್ಳೆಯವನಾದ ಅಣ್ಣನ ಕುತ್ತಿಗೆಗೆ ಹಗ್ಗ ಬೀಳುವ ಹೊತ್ತಿಗೆ ತಮ್ಮ ಸಿಕ್ಕಿಬಿದ್ದು ಗುಂಡು ತಿಂದು ಸತ್ತ. ಊರವರೆಲ್ಲ ಅಣ್ಣನ ಕೈ ಕುಲುಕಿ ಮನೆಗೆ ಹೋದರು. ನಾನು ಬೀರೇಶ, ನನ್ನ ತಮ್ಮ ಚಿಕ್ಕಬೀರಪ್ಪ. ನಾವೂ ಅವಳಿಗಳೇ. ಅದೇ ಆಟವನ್ನು ವರ್ಷಗಟ್ಟಲೆ ಆಡಿದೆವು. ಕೆಟ್ಟವನಾಗಲು ನಾನು ಒಪ್ಪುತ್ತಿರಲಿಲ್ಲ. ಹಾಗಾಗಿ ಸಾಯುವ ಪಾಲು ಪ್ರತಿ ಸಲ ಅವನದೇ.

ಬೆಳೆದ ಮೇಲೂ ಅವನು ಆ ವೇಷ ಬಿಚ್ಚಲಿಲ್ಲ. ನಾನು ಪಿಲ್ಲಗುಂಪೆಯ ಕಾರ್ಖಾನೆ ಸೇರಿದೆ, ಅವನು ಬೈಕಿನಲ್ಲಿ ಬಂದು ಹೆಂಗಸರ ಸರ ಕೀಳುವ ಕಸುಬಿಗೆ ಬಿದ್ದ. ಅವನೆಂದುಕೊಂಡು ಪೊಲೀಸರು ನನ್ನನ್ನು ಎರಡು ಸಲ ಬಸ್ಸಿನಿಂದ ಇಳಿಸಿ ಬಾರಿಸಿದ್ದರು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಮಾಡಿದವನು ಒಬ್ಬ, ಉಂಡವನು ಇನ್ನೊಬ್ಬ. ನನಗೆ ಅವನ ಮೇಲಿದ್ದ ಸಿಟ್ಟು ಅವನು ಸತ್ತ ಮೇಲೂ ಇಳಿಯಲಿಲ್ಲ.

ಅವನು ಸತ್ತದ್ದು ಹೊಸಕೋಟೆ ರಸ್ತೆಯಲ್ಲಿ, ಲಾರಿಗೆ ಸಿಕ್ಕಿ. ಮಣ್ಣಿಗೆ ಬಂದವರು ಹತ್ತು ಜನ. ಯಾರೂ ಅಳಲಿಲ್ಲ, ನಮ್ಮಮ್ಮ ಮುನಿವೆಂಕಟಮ್ಮ ಕೂಡ. ಮೂರನೇ ದಿನ ಹಾಲುತುಪ್ಪ ಮುಗಿಸಿಕೊಂಡು ಬರುವಾಗ ಜಡಿಗೇನಹಳ್ಳಿ ಕ್ರಾಸಿನಲ್ಲಿ ಅಮ್ಮ ಕಟ್ಟಿಸಿದ್ದ ಫ್ಲೆಕ್ಸ್ ಕಂಡಿತು. 'ಮತ್ತೆ ಹುಟ್ಟಿ ಬಾ ಮಗನೇ' ಎಂದಷ್ಟೇ ಇತ್ತು, ಹೆಸರಿರಲಿಲ್ಲ. ಎರಡು ಪಾರಿವಾಳಗಳ ನಡುವೆ ಇದ್ದದ್ದು ನನ್ನ ಫೋಟೋ. ಕಾರ್ಖಾನೆಯ ನೀಲಿ ಅಂಗಿ, ಎಡಕ್ಕೆ ಬಾಚಿದ ತಲೆ, ಎಲ್ಲ ನನ್ನದೇ.

ಮನೆಗೆ ಬಂದು ಅಮ್ಮನ ಮೇಲೆ ಹಾರಾಡಿದೆ. ಅವಳು ಬೆದರಲಿಲ್ಲ.

"ಅವನ್ದು ಒಂದೂ ಒಳ್ಳೆ ಫೋಟೋ ಇಲ್ಲ ಕಣಪ್ಪಾ. ಇರೋದು ಸ್ಟೇಷನ್ನೋರು ತೆಗ್ದಿರೋದು. ತಿಥಿ ಆಗೋಗಂಟ ನಿನ್ ಮುಖ ಕೊಡು. ಯಾರಾದ್ರೂ ಒಬ್ರು ಅವನ್ ಮುಂದೆ ನಿಂತು ಅಳ್ಲಿ."

ಅಳುವುದು ನನಗಲ್ಲವೇ ಎಂದು ಕೇಳಿದೆ.

"ಮಣ್ಣೊಳಗಿರೋನಿಗೇ ತಲುಪ್ತದೆ ಬಿಡು," ಎಂದಳು.

ಮರುದಿನದಿಂದ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ. ಸುತ್ತಲ ಹಳ್ಳಿಯವರು ಒಳ್ಳೆಯವನು ಹೋದ, ಈ ಮನೆಹಾಳ ಉಳಿದ ಎಂದು ನನಗೆ ಕೇಳುವಂತೆಯೇ ಆಡಿಕೊಂಡರು. ಎಷ್ಟು ಜನಕ್ಕೆ ಬಿಡಿಸಿ ಹೇಳಲಿ? ಹೇಳಿದರೂ ಕಳ್ಳನ ಮಾತು ಅಂದುಕೊಂಡರು. ಕಿಟಕಿಯ ಗಾಜಿನಲ್ಲಿ ಕಂಡ ಮುಖ ಅವನ ಹಾಗೆ ಒಂದು ಕಡೆ ತುಟಿ ಎಳೆದಿತ್ತು. ಹೀಗೇ ಬಿಟ್ಟರೆ ನಾನು ನಾನಾಗಿ ಉಳಿಯುವುದಿಲ್ಲ ಎಂಬ ಭಯ ಹತ್ತಿತು.

ಏಳನೇ ದಿನ ಬೆಳಿಗ್ಗೆ ಫ್ಲೆಕ್ಸ್ ಕೊಯ್ದು ಹಾಕಲು ಕುಡುಗೋಲು ಹಿಡಿದು ಕ್ರಾಸಿಗೆ ಹೋದೆ. ಫ್ಲೆಕ್ಸಿನ ಮುಂದೆ ಸೊಪ್ಪು ಮಾರುವ ಪಾಪಮ್ಮ ನಿಂತಿದ್ದಳು. ಅವಳ ಬುಟ್ಟಿಯನ್ನು ದಿನವೂ ಬಸ್ಸಿಗೆ ಎತ್ತಿಕೊಡುತ್ತಿದ್ದವನು ನಾನು. ಅವಳ ಕುತ್ತಿಗೆಯ ಸರ ಕಿತ್ತವನು ನನ್ನ ತಮ್ಮ. ಬೊಂಬಿಗೆ ಕನಕಾಂಬರ ಕಟ್ಟಿ, ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದವಳು ತಿರುಗಿ ನನ್ನನ್ನು ನೋಡಿದಳು.

"ಸಾಯ್ಬೇಕಾಗಿದ್ದೋನು ನೀನು," ಎಂದಳು.

ನಾನೇ ಬೀರೇಶ ಎಂದಿದ್ದರೆ ಸಾಕಿತ್ತು. ನನ್ನ ಹೆಸರು ನನಗೆ ವಾಪಸು ಬರುತ್ತಿತ್ತು, ಅವಳು ಹೂವು ಕಿತ್ತುಕೊಂಡು ಹೋಗುತ್ತಿದ್ದಳು. ಚಿಕ್ಕಬೀರನಿಗೆ ಈ ಭೂಮಿಯ ಮೇಲೆ ಸಿಕ್ಕ ಕಣ್ಣೀರು ಅದೊಂದೇ, ಅದೂ ಅವನು ಸರ ಕಿತ್ತ ಮುದುಕಿಯದು.

"ಹೌದು ಕಣಮ್ಮ, ನಾನೇ ಸಾಯ್ಬೇಕಿತ್ತು. ನಿನ್ ಸರಕ್ಕೆ ಕೈ ಹಾಕಿದ್ದು ತಪ್ಪಾಯ್ತು."

ಆಡಿದ ದನಿ ನನ್ನದಾಗಿರಲಿಲ್ಲ. ಅವನ ಒಡಕು ಗಂಟಲು, ಅವನ ರಾಗ. ಪಾಪಮ್ಮ ನೆಲಕ್ಕೆ ಉಗಿದು, ಮತ್ತೆ ಫೋಟೋದ ಕಡೆ ತಿರುಗಿ ಬಿಕ್ಕಿದಳು. ನಾನು ಕುಡುಗೋಲನ್ನು ಮರೆಮಾಡಿಕೊಂಡು ಮನೆಗೆ ಬಂದೆ.

ಯಾರಾದರೂ ಅತ್ತರಾ ಎಂದು ಅಮ್ಮ ಕೇಳಿದಳು, ದಿನಾ ಕೇಳುವ ಹಾಗೆ. ಪಾಪಮ್ಮ ಅತ್ತಳು ಎಂದೆ. ಅಮ್ಮ ಗೋಡೆ ಹಿಡಿದು ಕುಸಿದು ಕುಳಿತಳು. ಅವನು ಸತ್ತ ಮೇಲೆ ಮೊದಲ ಸಲ ಬಾಯಿಬಿಟ್ಟು ಅತ್ತಳು. ಚಿಕ್ಕಾ, ಚಿಕ್ಕಾ ಎಂದು ಕೂಗಿ ಕೂಗಿ ಅತ್ತಳು.

"ಏನಮ್ಮಾ," ಎಂದುಬಿಟ್ಟೆ.

ಅಮ್ಮ ತಲೆ ಎತ್ತಿದಳು. ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು.

"ಎಲ್ಲಿಗ್ ಹೋಗಿದ್ಯೋ ಇಷ್ಟ್ ದಿನ?" ಎಂದಳು.

ನಾನು ಹೋಗಿ ಅವಳ ಪಕ್ಕದಲ್ಲಿ ಕುಳಿತೆ.