ಉಣ್ಣುವವನ ಎಲೆ

ನಮ್ಮ ಬೊಳ್ಳು ಬೇರೆಲ್ಲ ಹೊತ್ತಿನಲ್ಲಿ ಸಾಧು. ತಟ್ಟೆ ಮುಂದೆ ಬಂತೋ, ಹುಲಿ. ನಾನು ದುಡಿಯುವ ಅರಬ್ ಊರು ರಾಬಿಗಿನ ಕಡಲ ಬದಿಯಲ್ಲಿ ಎಲುಬಿನ ಗೂಡಾಗಿ ಬಿದ್ದಿದ್ದ ನಾಯಿ ಅದು. ಶಿಫ್ಟ್ ಮುಗಿಸಿ ಬರುವಾಗ ಕಂಡು ಎತ್ತಿ ತಂದವನು ನಾನು. ಹಾಗಾಗಿ ಬೈಗುಳದ ಪೂರ್ತಿ ಪಾಲೂ ನನಗೇ.

ಒಂದು ದಿನ ಮಗಳು ಅನಿಷಾ ತಟ್ಟೆಯ ಹತ್ತಿರ ಉರುಳಿದ ಚೆಂಡು ಹೆಕ್ಕಲು ಬಗ್ಗಿದಳು. ಬೊಳ್ಳು ಹಲ್ಲು ತೋರಿಸಿ ಗುರ್ರೆಂದಿತು. ಕಚ್ಚಲಿಲ್ಲ, ಆದರೆ ಮಗು ಬೆಚ್ಚಿ ಅತ್ತಿತು.

"ಸಾಕು," ಎಂದಳು ನನ್ನ ಹೆಂಡತಿ ದೀಪ್ತಿ. "ಎರಡು ತಿಂಗಳು ನೋಡ್ತೇನೆ. ಸರಿಯಾಗದಿದ್ರೆ ಯಾರಿಗಾದ್ರೂ ಕೊಟ್ಟು ಬನ್ನಿ. ನನಗೆ ಮಗು ಮುಖ್ಯ."

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಗುರ್ರೆನ್ನುವ ನಾಯಿಯನ್ನು ಯಾರು ತಾನೇ ಇಟ್ಟುಕೊಳ್ಳುತ್ತಾರೆ? ಅದು ಮತ್ತೆ ಕಡಲ ಬದಿಗೇ ಹೋಗಬೇಕು. ಅದನ್ನು ನೆನೆದರೆ ನನಗೆ ಊಟ ಸೇರುತ್ತಿರಲಿಲ್ಲ.

ಹಲ್ಲುನೋವೋ ಎಂದು ಪಶುವೈದ್ಯರಿಗೆ ತೋರಿಸಿದೆ. ನೋವಲ್ಲ, ಹೆದರಿಕೆ ಎಂದರು. ಹೆದರಿಕೆಯಂತೆ! ನನಗೆ ಊರಲ್ಲಿ ಕಲಿತ ವಿದ್ಯೆಯೇ ದೊಡ್ಡದು: ಅನ್ನ ಹಾಕುವ ಕೈಗೆ ನಾಯಿ ತಗ್ಗಬೇಕು. ತಿನ್ನುತ್ತಿರುವಾಗಲೇ ತಟ್ಟೆ ಎಳೆದೆ, ಗದರಿದೆ, ಕೊಟ್ಟೆ, ಮತ್ತೆ ಎಳೆದೆ. ಬೊಳ್ಳು ನನ್ನ ಚಪ್ಪಲಿಯ ಸದ್ದಿಗೇ ಗುರುಗುಟ್ಟತೊಡಗಿತು.

"ಎಂತ ಮಾಡ್ತಿದ್ದೀರಿ?" ಎಂದಳು ದೀಪ್ತಿ. "ಊರಿನ ಮದುವೆಯಲ್ಲಿಯೂ ಉಣ್ಣುವವರ ಎಲೆ ಹೀಗೇ ಎಳೀತೀರಾ?"

ನಾಚಿಕೆಯಾಯಿತು. ಪಾಯಸದ ಬಾಲ್ದಿ ಹಿಡಿದು ಪಂಕ್ತಿಗೆ ಬಡಿಸುವುದರಲ್ಲಿ ನನ್ನದು ಎತ್ತಿದ ಕೈ. ಬಾಲ್ದಿ ಬರುವುದು ಕಂಡರೆ ಎಂಥ ಸಿಡುಕನ ಮುಖವೂ ಅರಳುತ್ತದೆ. ಎಲೆ ಎಳೆಯುವವನನ್ನು ಕಂಡು ಯಾರ ಮುಖ ಅರಳೀತು?

ಮರುದಿನದಿಂದ ಬೊಳ್ಳುವಿಗೆ ಪಂಕ್ತಿಯೂಟ. ಅನಿಷಾ ಒಳಗಿನ ಕೋಣೆಯಲ್ಲಿ, ಬಾಗಿಲು ಹಾಕಿ. ನಾನು ದೂರದಿಂದಲೇ ಬೇಯಿಸಿದ ಕೋಳಿಯ ತುಂಡೊಂದನ್ನು ತಟ್ಟೆಯತ್ತ ಎಸೆದು, ನಿಲ್ಲದೆ ಮುಂದೆ ನಡೆಯುತ್ತಿದ್ದೆ. ಗುರ್ರೆಂದರೆ ಗದರದೆ ಇನ್ನಷ್ಟು ದೂರ ಸರಿಯುತ್ತಿದ್ದೆ. ಅದು ಮೈ ಸಡಿಲಿಸಿ ತಿಂದರೆ ಮಾತ್ರ ಒಂದಿಷ್ಟು ಹತ್ತಿರ. ನನ್ನಂಥ ಮುಂಗೋಪಿಗೆ ಇದೇನೂ ಸುಲಭದ ಕೆಲಸವಲ್ಲ.

ಗಡುವು ಮುಗಿಯುತ್ತ ಬಂದ ಒಂದು ಸಂಜೆ, ಚಪ್ಪಲಿಯ ಸದ್ದು ಕೇಳಿದ್ದೇ ಬೊಳ್ಳು ತಟ್ಟೆಯಿಂದ ತಲೆಯೆತ್ತಿತು. ಗುರ್ರೆನ್ನಲಿಲ್ಲ. ಬಾಲ ಅಲ್ಲಾಡಿಸುತ್ತ ನನ್ನ ಕೈಯನ್ನೇ ನೋಡಿತು. ನನ್ನ ಕಣ್ಣು ತುಂಬಿ ಬಂತು.

ಅಡುಗೆಮನೆಯ ಬಾಗಿಲಲ್ಲಿ ದೀಪ್ತಿ ನಿಂತಿದ್ದಳು. "ಸಾಕು..." ಎಂದಳು. ಹಳೆಯ ಏಸಿಯ ಗದ್ದಲದಲ್ಲಿ ನನಗೆ ಕೇಳಿಸಿದ್ದು ಅಷ್ಟೇ.

"ಇನ್ನು ಸ್ವಲ್ಪ ದಿನ ಕೊಡು ಮಾರಾಯ್ತಿ. ಅದು ಈಗಷ್ಟೇ ನನ್ನನ್ನು ನಂಬ್ಲಿಕ್ಕೆ ಶುರು ಮಾಡಿದೆ."

"ಪೂರ್ತಿ ಕೇಳಿ ಮಾರಾಯ್ರೆ. ಸಾಕುವ, ನಾವೇ ಸಾಕುವ ಅಂದದ್ದು ನಾನು. ಆದ್ರೆ ಅದು ಉಣ್ಣುವಾಗ ಅನಿಷಾ ಈ ಬದಿಗೆ ಬರುದು ಬೇಡ."

ನನ್ನ ಕೈಯಿಂದ ಒಂದು ತುಂಡು ತೆಗೆದುಕೊಂಡು ಬೊಳ್ಳುವಿನತ್ತ ಎಸೆದಳು. ಬಳಗಕ್ಕೆ ಬಡಿಸುವವಳ ಹಾಗೆ, ನಿಲ್ಲದೆ ಮುಂದೆ ನಡೆದಳು.